ಕತ್ತಲಲ್ಲಿ ತಿದ್ದಿದ ಅಕ್ಷರಗಳು

"ಇದನ್ನ ಎಲ್ಲಿಂದ ಕದ್ರಿ?"

ಎದುರಿಗೆ ನಿಂತ ಅಪರಿಚಿತ ಬೆಚ್ಚಿಬಿದ್ದ. ಪ್ರಕಾಶನದ ಕಚೇರಿಯಲ್ಲಿ ಪುಸ್ತಕಗಳ ಪುಟ ಜೋಡಿಸುವ ಅವಳು ಯಾರ ಮೇಲೂ ದನಿ ಏರಿಸಿದವಳಲ್ಲ. ಆದರೆ ಅವನು ಮೇಜಿನ ಮೇಲಿಟ್ಟ ಹಾಳೆ ನೋಡಿ ಅವಳಿಗೆ ತಡೆಯಲಾಗಲಿಲ್ಲ...

ಗೆರೆಯ ತುದಿಗಳಲ್ಲಿ ಪುಟ್ಟ ಪಾದಗಳಿರುವ ಸೆರಿಫ್ ಅಕ್ಷರಗಳು. ದಪ್ಪ ಪುಸ್ತಕವನ್ನೂ ಕಣ್ಣಿಗೆ ಆಯಾಸವಾಗದಂತೆ ಓದಿಸುವ ಹಳೆಯ ಕಾಲದ ರೂಪ. ಆ ಪಾದಗಳನ್ನು ಇಷ್ಟು ತೆಳ್ಳಗೆ ಎಳೆಯುವವರು, ಅಚ್ಚಿನ ಅಕ್ಷರಗಳನ್ನು ರೂಪಿಸುತ್ತಿದ್ದ ಅವಳ ಅಪ್ಪ ಒಬ್ಬರೇ.

ಆದರೆ ಅಪ್ಪ ಬರೆದ ಯಾವ ಹಾಳೆಯಲ್ಲೂ ಈ ಅಕ್ಷರಗಳಿರಲಿಲ್ಲ.

ಕೊನೆಯ ಆರು ತಿಂಗಳು ಅಪ್ಪನಿಗೆ ಕಣ್ಣೇ ಕಾಣುತ್ತಿರಲಿಲ್ಲ. ಆದರೂ ದಿನಾ ಸಂಜೆ ಕೋಣೆ ಸೇರಿ ಚಿಲಕ ಹಾಕಿಕೊಳ್ಳುತ್ತಿದ್ದರು. ದೀಪ ಇಲ್ಲ. ಕತ್ತಲೊಳಗಿಂದ ಅವರ ದನಿ ಮಾತ್ರ ಬರುತ್ತಿತ್ತು.

"ಸೊಂಟ ಇನ್ನೂ ಸಣ್ಣ ಮಾಡು... ಪಾದ ಕತ್ತರಿಸು... ಕುತ್ತಿಗೆ ಹಾಗೇ ಇರ್ಲಿ."

ಹೊರಗೆ ನಿಂತವಳ ಮೈ ಜುಮ್ಮೆನ್ನುತ್ತಿತ್ತು. ಯಾರ ಪಾದ? ಯಾರ ಕುತ್ತಿಗೆ? ಕೇಳಿದರೆ, "ಏನಿಲ್ಲ ಕಣಮ್ಮಾ, ಕೆಲಸ" ಎನ್ನುತ್ತಿದ್ದರು. ಅವರು ಹೋದ ಮೇಲೆ ಕೋಣೆ ತೆರೆದರೆ ರಾಶಿ ಹಾಳೆ. ಎಲ್ಲವೂ ಖಾಲಿ. ಅಪ್ಪನಿಗೆ ಹುಚ್ಚು ಹಿಡಿದಿತ್ತು ಎಂಬ ಸಂಕಟ ಅವಳನ್ನು ಅಂದಿನಿಂದ ತಿನ್ನುತ್ತಿತ್ತು.

"ಕದ್ದಿಲ್ಲ ರೀ. ಅವರು ಖಾಲಿ ಹಾಳೆ ಮೇಲೆ ಬೆರಳಲ್ಲೇ ತಿದ್ದಿ ನೋಡಿ ಫೋನಲ್ಲಿ ಹೇಳ್ತಿದ್ರು, ಅವರ ಹತ್ರ ಅಕ್ಷರ ಕಲೀತಿದ್ದ ನಾನು ಬರೀತಿದ್ದೆ. ಬರೆದಿದ್ದನ್ನ ವಿವರಿಸಿದ್ರೆ ಸಾಕು, ಅಕ್ಷರದ ಸೊಂಟ ದಪ್ಪ ಆಯ್ತು ಅಂತ ಹಿಡಿದುಬಿಡ್ತಿದ್ರು. ನಿಮಗೆ ಗೊತ್ತಾದ್ರೆ ಬೈದು ಮಲಗಿಸ್ತೀರಂತೆ."

ಹಾಗಾದರೆ ಅಪ್ಪನ ತಲೆ ನೆಟ್ಟಗೇ ಇತ್ತು... ಅವಳಿಗೆ ಉಸಿರು ಬಂದಂತಾಯಿತು.

"ಕೊನೆ ಅಕ್ಷರ ಹೋದ ವಾರ ಮಂಗಳವಾರ ಮುಗಿಸಿದ್ವಿ. ಆಮೇಲೆ ಫೋನೇ ಹೋಗ್ತಿಲ್ಲ. ಹೇಗಿದ್ದಾರೆ?"

ಅವಳು ಹಾಳೆಯಿಂದ ಕಣ್ಣೆತ್ತಿದಳು.

"ಅಪ್ಪ ತೀರಿಕೊಂಡ್ರು. ಸೋಮವಾರ."

"ಈ ಸೋಮವಾರನಾ?"

"ಅಲ್ಲ... ನೀವು ಹೇಳಿದ ಮಂಗಳವಾರದ ಹಿಂದಿನ ದಿನ."

ಅವನ ಮುಖ ಬಿಳಿಚಿಕೊಂಡಿತು. ಅಪ್ಪನ ಫೋನ್ ಆ ಸೋಮವಾರದಿಂದ ಅವಳ ಚೀಲದಲ್ಲೇ ಆರಿ ಬಿದ್ದಿತ್ತು.

"ಅವತ್ತು... ಏನಂದ್ರು?"

"ಅಕ್ಷರದ ಬಗ್ಗೆ ಎರಡು ಮಾತು. ಆಮೇಲೆ, 'ನನ್ನ ಮಗಳು ಖಾಲಿ ಹಾಳೆ ಹರಡಿಕೊಂಡು ಒಬ್ಬಳೇ ಅಳ್ತಿದ್ದಾಳೆ, ನೀನು ಹೋಗು' ಅಂದ್ರು."

ಮಂಗಳವಾರ ಸಂಜೆ ಅವಳು ಅತ್ತದ್ದನ್ನು ಯಾರೂ ನೋಡಿರಲಿಲ್ಲ.

ಅವಳಿಗೆ ಭಯವಾಯಿತು. ಆ ಭಯ ಹಂಚಿಕೊಳ್ಳಲು ಇಡೀ ಜಗತ್ತಿನಲ್ಲಿ ಇವನೊಬ್ಬನೇ ಇದ್ದ.

"ಅವರು ಹೇಳಿದ್ರು ಅಂತ ಬಂದ್ರಾ?"

"ಹೇಳ್ಲಿ ಅಂತ ಕಾಯ್ತಿದ್ದೆ. ಹೇಳಿದ ಮೇಲೂ ಧೈರ್ಯ ಬರೋಕೆ ಇಷ್ಟು ದಿನ ಹಿಡೀತು. ಆರು ತಿಂಗಳು ದಿನಾ ನಿಮ್ಮ ವಿಷಯ ಕೇಳಿ ಕೇಳಿ... ನೋಡದೇ ಪ್ರೀತಿಸಿಬಿಟ್ಟೆ."

ಪ್ರೀತಿಗೆ ಇದೇನಾ ಹೊತ್ತು ಎಂದು ನೀವು ಕೇಳಬಹುದು. ಅವನಿಗೆ ಅದೆಲ್ಲ ಎಲ್ಲಿ ತೋಚಬೇಕು, ಕಣ್ಣು ತುಂಬಿ ಹರಿಯುತ್ತಿತ್ತು. ಅವಳ ದುಃಖಕ್ಕೆ ಹನ್ನೊಂದು ದಿನ, ಅವನದು ಈಗಷ್ಟೇ ಶುರುವಾಗಿತ್ತು. ಅವಳು ಕುರ್ಚಿ ಎಳೆದು ಅವನನ್ನು ಕೂರಿಸಿ, ಕೈ ಹಿಡಿದುಕೊಂಡಳು.

"ಕೋಪ ಬಂತಾ?"

"ಇಲ್ಲ. ಮೊದಲು ಅತ್ತುಬಿಡಿ."

"ಉತ್ತರ ಕೇಳೋಕೆ ನಾಳೆ ಬರ್ಲಾ?"

"ನಾಳೆ ಬರ್ಬೇಕಂದ್ರೆ ಇವತ್ತು ಹೋಗ್ಬೇಕಲ್ಲ..." ಅವಳ ಬೆರಳುಗಳು ಬಿಗಿಯಾದವು. "ಹೋಗ್ಬೇಡಿ."