ಮೀಠಪಾಡಾದ ಹದಿನೈದು ಚೀಟಿಗಳು

ಕಾಂತಪ್ಪ ನಗರಸಭೆಯ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದಾನೆ ಎಂಬ ಸುದ್ದಿಯನ್ನು ಮಾಸ್ತರರ ಹೆಂಡತಿ ರುದ್ರವ್ವ ಬಾವಿಯಿಂದ ನೀರಿನ ಜೊತೆ ಹೊತ್ತು ತಂದಳು. ಕೊಡ ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡು, "ನಿಮ್ಮ ಹೋಟ್ಲದಾಂವ ನಿಂತಾನಂತ್ರೀ," ಎಂದಳು. ನೀಲಕಂಠಪ್ಪ ಮಾಸ್ತರರು ಓದುತ್ತಿದ್ದ ಪತ್ರಿಕೆಯನ್ನು ಮಡಿಸಿಟ್ಟರು. ಅವತ್ತು ಅದನ್ನು ಮತ್ತೆ ಬಿಡಿಸಲಿಲ್ಲ.

ದಹಿಸರ್ ದಾಟಿ ಉಪ್ಪಿನಾಗರಗಳ ಅಂಚಿನಲ್ಲಿದ್ದ ಮೀಠಪಾಡಾಕ್ಕೆ ಅವರು ಧಾರವಾಡದಿಂದ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಬಂದಾಗ ಅಲ್ಲಿದ್ದದ್ದು ಒಂದು ಸ್ಟೇಶನ್ನು, ನಾಲ್ಕು ಚಾಳು, ಒಂದು ಬಾವಿ. ಈಗ, ೧೯೫೪ರಲ್ಲಿ, ಊರಿಗೆ ಪೇಟೆ ಬಂದಿತ್ತು, ಬಿಲ್ಡಿಂಗುಗಳು ಬಂದಿದ್ದವು, ಹದಿನೈದು ಸದಸ್ಯರ ನಗರಸಭೆ ಬಂದಿತ್ತು. ಬಾವಿ ಮಾತ್ರ ಅದೇ ಒಂದು. ಹನ್ನೊಂದು ವರ್ಷದ ಹಿಂದೆ ಆ ಬಾವಿಯ ನೀರು ಕುಡಿದು ಅವರ ಮಗಳು ಮಲ್ಲವ್ವ ವಾಂತಿಭೇದಿಯಾಗಿ ಎರಡೇ ದಿನದಲ್ಲಿ ತೀರಿಕೊಂಡಳು. ಅವಳಿಗೆ ಒಂಬತ್ತು ವರ್ಷ. ಅಂದಿನಿಂದ ಮಾಸ್ತರರು ನಳದ ನೀರಿಗಾಗಿ ಬರೆಯದ ಕಚೇರಿ ಇರಲಿಲ್ಲ. ಕೊನೆಗೂ ಸರಕಾರ ಒಪ್ಪಿತ್ತು. ಹೊಸ ಅಧ್ಯಕ್ಷನ ರುಜು ಬಿದ್ದರೆ ಕೊಳವೆ ಹಾಕುವ ಕೆಲಸ ಶುರುವಾಗುತ್ತದೆ. ಯಾರ ರುಜು ಬಿದ್ದರೂ ನೀರು ಅದೇ ನೀರು ಎಂಬುದು ಅವರಿಗೆ ಗೊತ್ತಿತ್ತು. ಆದರೂ ಆ ಕಾಗದದ ಕೆಳಗೆ ಮಲ್ಲವ್ವನ ಅಪ್ಪನ ಹೆಸರಿರಬೇಕು ಎಂಬ ಆಸೆ ಅವರನ್ನು ಬಿಟ್ಟಿರಲಿಲ್ಲ.

ಜನರ ಓಟು ಮುಗಿದಿತ್ತು. ಗೆದ್ದ ಹದಿನೈದು ಮಂದಿ ಸೇರಿ ತಮ್ಮೊಳಗೊಬ್ಬನನ್ನು ಅಧ್ಯಕ್ಷನನ್ನಾಗಿ ಆರಿಸಬೇಕಿತ್ತು. ಮಾಸ್ತರರು ಬಿಟ್ಟರೆ ಬೇರೆ ಯಾರು ಎಂದು ಎಲ್ಲರೂ ಹೇಳುತ್ತಿದ್ದರು. ಅಷ್ಟರಲ್ಲಿ ಕಾಂತಪ್ಪ.

ಉಡುಪಿ ಕಡೆಯಿಂದ ಎಂಟು ವರ್ಷದ ಹಿಂದೆ ಬಂದು ಸ್ಟೇಶನ್ನಿನೆದುರು ಹೋಟೆಲು ತೆರೆದವನು ಕಾಂತಪ್ಪ. ಅವನ ಪರವಾನಗಿಯ ಅರ್ಜಿ ಬರೆದುಕೊಟ್ಟವರು ಮಾಸ್ತರರೇ. ಈಗ ಪೇಟೆಯವರೆಲ್ಲ ಅವನ ಹಿಂದೆ. ಅದೇ ವಾರ ಅವನು ಮನೆಗೂ ಬಂದ. ಹೊಸ್ತಿಲಲ್ಲೇ ನಿಂತು, ಟೋಪಿ ಕೈಯಲ್ಲಿ ಹಿಡಿದುಕೊಂಡು ಹೇಳಿದ:

"ನಾನಾಗಿ ನಿಂತದ್ದಲ್ಲ ಮಾಸ್ತರ್ರೆ. ಪೇಟೆಯವರು ಬಿಡಲಿಲ್ಲ. ಬೇಡ ಅಂದರೆ ನಾಳೆ ಅದೇ ಪೇಟೆಯಲ್ಲಿ ನಾನು ವ್ಯಾಪಾರ ಮಾಡಬೇಕಲ್ಲ."

"ಎಲ್ಲಾರಿಗೂ ಹಕ್ಕೈತಿ," ಎಂದರು ಮಾಸ್ತರರು.

"ನೀವು ಬೇಸರ ಮಾಡಬಾರದು."

"ಬ್ಯಾಸರ ಯಾಕ ಮಾಡಲಿ."

ಅವನು ಇನ್ನೇನೋ ಹೇಳುವವನಿದ್ದ. ಮಾಸ್ತರರು ಎದ್ದು ಒಳಗೆ ಹೋದರು. ನಾಟಕ ಎಂದುಕೊಂಡರು. ಗೆಲ್ಲುವವನಿಗೆ ವಿನಯ ಸುಲಭ.

ಲೆಕ್ಕ ಹಾಕಿದರು. ತಮಗೆ ಆರು ಓಟು ಖಂಡಿತ, ಏಳನೆಯದು ಅನುಮಾನ, ಬೇಕಾದದ್ದು ಎಂಟು. ಬೇಡಿಕೊಂಡು ಮನೆಮನೆಗೆ ಹೋಗುವುದು ಅವರಿಂದಾಗದ ಕೆಲಸ. ಮೂವತ್ತು ವರ್ಷ ಮಕ್ಕಳಿಗೆ ನಕಲು ಮಾಡಬೇಡಿ ಎಂದು ಹೇಳಿದ ಮನುಷ್ಯ ಒಂದು ಮಧ್ಯಾಹ್ನ, ಖಾಲಿ ತರಗತಿಯಲ್ಲಿ ಕೂತು, ಮೋಸದಿಂದ ಗೆಲ್ಲುವುದು ಹೇಗೆ ಎಂದು ಯೋಚಿಸಿದರು. ಆ ಯೋಚನೆ ಬಂದಾಗ ಎದೆ ಹೊಡೆದುಕೊಳ್ಳುತ್ತದೆ ಎಂದು ಅವರು ಭಾವಿಸಿದ್ದರು. ಹೊಡೆದುಕೊಳ್ಳಲಿಲ್ಲ.

ದಾರಿ ಅವರ ಕಣ್ಣೆದುರಿಗೇ ಇತ್ತು. ನಗರಸಭೆಯ ಕಚೇರಿ ಇದ್ದದ್ದು ಹಳೆಯ ಶಾಲೆಯ ಕಟ್ಟಡದಲ್ಲಿ. ಸಭೆಯ ಕೋಣೆಗೂ ಪಕ್ಕದ ಉಗ್ರಾಣಕ್ಕೂ ನಡುವೆ ಗೋಡೆಯೊಳಗೇ ಒಂದು ಕಪಾಟು. ಎರಡೂ ತರಗತಿಗೆ ಪುಸ್ತಕ ಸಿಗಲಿ ಎಂದು ಎರಡೂ ಕಡೆ ಬಾಗಿಲಿಡಿಸಿದವರು ಮಾಸ್ತರರೇ. ಉಗ್ರಾಣದ ಕಡೆಯ ಬಾಗಿಲು ಹಳೆಯ ನಕಾಶೆಗಳ ಹಿಂದೆ ಮರೆಯಾಗಿ ವರ್ಷಗಳಾಗಿದ್ದವು. ಓಟಿನ ಪೆಟ್ಟಿಗೆಯೂ ಶಾಲೆಯದೇ. ಕೊಂಡಾಗ ಅದರ ಬೀಗಕ್ಕೆ ಎರಡು ಕೀಲಿ ಬಂದಿದ್ದವು. ನಗರಸಭೆಗೆ ಅವರು ಒಪ್ಪಿಸಿದ್ದು ಒಂದನ್ನು. ಚುನಾವಣೆಯ ದಿನ ಒಂದು ಗಂಟೆಗೆ ಓಟು ಮುಗಿಯುತ್ತದೆ, ಎಣಿಕೆ ಮೂರಕ್ಕೆ ಎಂದು ನೋಟಿಸಿನಲ್ಲಿತ್ತು. ನಡುವೆ, ಚುನಾವಣೆ ನಡೆಸಲು ಬರುವ ತಾಲೂಕಿನ ಅಧಿಕಾರಿ ಮಾಮಲೇದಾರರು ಪೆಟ್ಟಿಗೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ ಊಟಕ್ಕೆ ಹೋಗುತ್ತಾರೆ. ಸಭೆಯ ಬಾಗಿಲಲ್ಲಿ ಸಿಪಾಯಿ ದೂಜ ಕಾವಲು. ಉಗ್ರಾಣವನ್ನು ಯಾರೂ ಕಾಯುವುದಿಲ್ಲ.

ಚೀಟಿಗಳೂ ಕಷ್ಟವಾಗಲಿಲ್ಲ. ಕಾಗದ ಕತ್ತರಿಸಿ ನಗರಸಭೆಯ ಮುದ್ರೆ ಒತ್ತಿಕೊಡಿ ಎಂದು ಗುಮಾಸ್ತನೇ ಅವರನ್ನು ಕೇಳಿದ್ದ. ಅವರು ಮೂವತ್ತು ಕತ್ತರಿಸಿದರು, ಹದಿನೈದು ಕೊಟ್ಟರು.

ಎರಡು ಚೀಟಿ ಬದಲಿಸಿದರೆ ಸಾಕಾಗಿತ್ತು. ಆದರೆ ಯಾವ ಎರಡು ಎಂದು ತಿಳಿಯಲು ಎಲ್ಲವನ್ನೂ ಬಿಡಿಸಿ ಓದಬೇಕು. ತಮ್ಮ ಹೆಸರು ಬರೆಯದವರು ಯಾರು ಎಂದು ತಿಳಿದುಕೊಂಡು ಮತ್ತೆ ಅವರೊಡನೆ ಅದೇ ಊರಿನಲ್ಲಿ ಬದುಕುವ ಶಕ್ತಿ ಮಾಸ್ತರರಿಗಿರಲಿಲ್ಲ. ಆದ್ದರಿಂದ ಹದಿನೈದನ್ನೂ ಹೊಸದಾಗಿ ಬರೆಯುವುದು, ಹಳೆಯದನ್ನು ನೋಡದೆಯೇ ಬಚ್ಚಲೊಲೆಗೆ ಹಾಕುವುದು ಎಂದು ನಿಶ್ಚಯಿಸಿದರು.

ನಾಲ್ಕು ಮಧ್ಯಾಹ್ನ ಕೂತು ಬರೆದರು. ನಗರಸಭೆಯ ವ್ಯವಹಾರವೆಲ್ಲ ಮರಾಠಿಯಲ್ಲಿ. ಸದಸ್ಯರೆಲ್ಲರ ಮರಾಠಿ ಅಕ್ಷರ ಅವರಿಗೆ ಅಂಗೈ ರೇಖೆಯಷ್ಟು ಪರಿಚಿತ. ಹಳೆಯ ಅರ್ಜಿ, ಠರಾವುಗಳನ್ನು ಮುಂದಿಟ್ಟುಕೊಂಡು ಒಬ್ಬೊಬ್ಬರ ವಾಲು, ಒಬ್ಬೊಬ್ಬರ ತಲೆಗೆರೆ ತಿದ್ದಿದರು. ಎಂಟರಲ್ಲಿ ತಮ್ಮ ಹೆಸರು, ಏಳರಲ್ಲಿ ಕಾಂತಪ್ಪನದು. ಯಾರ ಕೈಯಿಂದ ಯಾರ ಹೆಸರು ಎಂದು ಹಂಚುವುದೇ ಹೆಚ್ಚು ನೋವಿನ ಕೆಲಸವಾಯಿತು. ಸದಸ್ಯರಲ್ಲೊಬ್ಬಳಾದ, ಮೀನು ಮಾರುವ ಗಂಗುಬಾಯಿ ರಾತ್ರಿಶಾಲೆಯಲ್ಲಿ ಅವರಿಂದಲೇ ಅಕ್ಷರ ಕಲಿತವಳು. ಪೇಟೆಯವಳಾದ್ದರಿಂದ ಅವಳು ಕಾಂತಪ್ಪನ ಕಡೆ ಎಂದು ಲೆಕ್ಕ ಹೇಳುತ್ತಿತ್ತು. ಅವಳ ದಪ್ಪ, ಒರಟು ಅಕ್ಷರದಲ್ಲಿ ಆ ಹೆಸರು ಬರೆಯಲು ಕೈ ಏಳಲಿಲ್ಲ. ತಮ್ಮ ಹೆಸರನ್ನೇ ಬರೆದರು. ಕಾಂತಪ್ಪನ ಚೀಟಿ ಎಲ್ಲಕ್ಕಿಂತ ಸುಲಭ. ಅವನ ಓರೆ ಅಕ್ಷರದಲ್ಲಿ ಅವನದೇ ಹೆಸರು ಬರೆದು ಮಡಿಸಿದರು.

ಚುನಾವಣೆಯ ದಿನ ಬಂತು. ಬೆಳಿಗ್ಗೆ ರುದ್ರವ್ವ ಅವರ ಕರಿ ಕೋಟನ್ನು ಜಾಡಿಸಿ ಕೊಟ್ಟಳು. "ಸೋತ್ರೂ ಅಡ್ಡಿಯಿಲ್ರೀ," ಎಂದಳು. "ನೀರು ತಂದವರು ನೀವು. ಅದು ಊರಿಗೆ ಗೊತ್ತೈತಿ." ಮಾಸ್ತರರು ಕೋಟು ತೊಟ್ಟು ಗುಂಡಿ ಹಾಕಿಕೊಂಡರು. ಕೋಟಿನ ಒಳಜೇಬಿನಲ್ಲಿ ಚೀಟಿಗಳ ಕಟ್ಟು ಆಗಲೇ ಇತ್ತು.

ಹನ್ನೊಂದಕ್ಕೆ ಓಟು ಶುರುವಾಯಿತು. ಒಬ್ಬೊಬ್ಬರಾಗಿ ಪರದೆಯ ಹಿಂದೆ ಹೋಗಿ, ಬರೆದು, ಮಡಿಸಿ, ಪೆಟ್ಟಿಗೆಗೆ ಹಾಕಿದರು. ಕಾಂತಪ್ಪ ಸ್ವಲ್ಪ ಹೊತ್ತು ತೆಗೆದುಕೊಂಡ. ಮಾಸ್ತರರು ತಮ್ಮ ಸರದಿ ಬಂದಾಗ ತಮ್ಮ ಹೆಸರನ್ನು ಬರೆದರು. ಸುಡಲಿರುವ ಚೀಟಿಯ ಮೇಲೂ ಅಕ್ಷರ ದುಂಡಗಿತ್ತು. ಒಂದು ಗಂಟೆಗೆ ಮಾಮಲೇದಾರರು ಪೆಟ್ಟಿಗೆಯನ್ನು ಕಪಾಟಿಗಿಟ್ಟು, ಕೀಲಿಗಳನ್ನು ಜೇಬಿಗೆ ಹಾಕಿಕೊಂಡು ಹೊರಟರು.

ಒಂದೂವರೆಗೆ ಮಾಸ್ತರರು ಉಗ್ರಾಣದಲ್ಲಿದ್ದರು. ಯಾರಾದರೂ ಕೇಳಿದರೆ ಹಳೆಯ ಹಾಜರಿ ಪುಸ್ತಕ ಹುಡುಕುತ್ತಿದ್ದೇನೆ ಎನ್ನುವುದು. ಯಾರೂ ಕೇಳಲಿಲ್ಲ. ನಕಾಶೆಗಳನ್ನು ಸರಿಸಿದರು. ಬಾಗಿಲಿನ ತಿರುಗಣಿಗೆ ಹಿಂದಿನ ವಾರವೇ ಎಣ್ಣೆ ಬಿಟ್ಟಿದ್ದರಿಂದ ಸದ್ದಾಗಲಿಲ್ಲ. ಕಪಾಟಿನ ಆಚೆ ದೂಜ ತುಳುವಿನಲ್ಲಿ ಏನೋ ಗುನುಗುತ್ತಿದ್ದುದು ಕೇಳಿಸುತ್ತಿತ್ತು. ಪೆಟ್ಟಿಗೆ ತೆರೆದರು. ಮಡಿಸಿದ ಚೀಟಿಗಳನ್ನು ಮುಷ್ಟಿಯಲ್ಲಿ ಎತ್ತಿ, ಬೆರಳಿನಿಂದ ಹದಿನೈದು ಎಣಿಸಿ, ದಾರ ಸುತ್ತಿ ಒಳಜೇಬಿಗೆ ಇಳಿಸಿದರು. ಒಂದನ್ನು ಬಿಡಿಸಬೇಕು ಎಂದು ಬೆರಳು ತವಕಿಸಿತು. ಬಿಡಿಸಲಿಲ್ಲ. ತಮ್ಮ ಹದಿನೈದನ್ನು ಸುರಿದು, ಬೀಗ ಹಾಕಿ, ನಕಾಶೆಗಳನ್ನು ಮೊದಲಿನಂತೆ ಒರಗಿಸಿದರು. ಹೊರಗೆ ಬಂದಾಗ ದೊಡ್ಡ ಬಿಸಿಲು. ಈ ಹೊತ್ತಿನಲ್ಲಿ ಬಚ್ಚಲೊಲೆ ಹೊತ್ತಿಸಿದರೆ ಯಾಕೆಂದು ರುದ್ರವ್ವ ಕೇಳುತ್ತಾಳೆ. ಸುಡುವುದನ್ನು ಸಂಜೆ ಮಾಡಿದರಾಯಿತು.

ಮೂರಕ್ಕೆ ಮಾಮಲೇದಾರರು ಒಂದೊಂದೇ ಚೀಟಿ ಬಿಡಿಸಿ ಹೆಸರು ಓದಿದರು. ಎಂಟು, ಏಳು. ಯಾರಿಗೂ ಅನುಮಾನ ಬರುವಂಥ ಅಂತರವಲ್ಲ. ಪೇಟೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ಅವರೂ ಚಪ್ಪಾಳೆ ತಟ್ಟಿದರು. ಗಂಗುಬಾಯಿ ಕಣ್ಣೊರೆಸಿಕೊಂಡಳು. ಮಾಸ್ತರರಿಗೆ ಸಂತೋಷವಾಗಬೇಕಿತ್ತು. ಮಲ್ಲವ್ವ ಕೊನೆಯ ದಿನ ನೀರು ಕೇಳಿದ್ದು, ಡಾಕ್ಟರು ಬೇಡ ಎಂದದ್ದರಿಂದ ತಾವು ಕೊಡದೆ ಇದ್ದದ್ದು ನೆನಪಾಯಿತು. ಎದ್ದು ಕೈಮುಗಿದರು.

ಕಾಂತಪ್ಪ ಹಾರ ಹಿಡಿದು ಎಲ್ಲರಿಗಿಂತ ಮೊದಲು ಬಂದ. ಹಾರ ಹಾಕಿ ಅವರ ಕೈ ಹಿಡಿದುಕೊಂಡ. "ನಾನೇ ಗೆದ್ದುಬಿಡುತ್ತೇನೋ ಅಂತ ಹೆದರಿಕೆ ಆಗಿತ್ತು ಮಾಸ್ತರ್ರೆ. ಒಂದೇ ಓಟಿನಿಂದ ಉಳಿದೆವು. ನೀವಿರುವಾಗ ನನ್ನ ಹೆಸರು ನಾನೇ ಬರೆದುಕೊಳ್ಳುವುದು ಹೇಗೆ? ನಿಮ್ಮ ಹೆಸರೇ ಬರೆದೆ." ಅವನು ಮಾಮಲೇದಾರರ ಕಡೆ ತಿರುಗಿ ಮರಾಠಿಯಲ್ಲಿ, ನಗುತ್ತ, ಕೇಳಿದ: "ಸಾಹೇಬರೇ, ನನ್ನ ಚೀಟಿ ಓದಿದವರು ಯಾರು? ನಮ್ಮ ಮಾಸ್ತರರ ಹೆಸರು ಅಂತ ನಾನು ಅದನ್ನು ಕನ್ನಡದಲ್ಲಿ ಬರೆದಿದ್ದೆ. ನಿಮಗೆ ಕನ್ನಡ ಬರುತ್ತದೆಂದು ಗೊತ್ತಿರಲಿಲ್ಲ." ಮಾಮಲೇದಾರರು ತಮಗೆ ಬರುವುದಿಲ್ಲ ಎಂದರು. ಕನ್ನಡಕ ಹಾಕಿಕೊಂಡು, ಹದಿನೈದು ಚೀಟಿಗಳನ್ನೂ ಮೇಜಿನ ಮೇಲೆ ಸಾಲಾಗಿ ಹರಡಿ, ಒಂದೊಂದಾಗಿ ನೋಡಿದರು. ಎಲ್ಲವೂ ಮರಾಠಿಯಲ್ಲಿದ್ದವು. ಕಾಂತಪ್ಪ ಇನ್ನೂ ನಗುತ್ತಲೇ ಮಾಸ್ತರರ ಮುಖ ನೋಡಿದ. ನೋಡುತ್ತ ನೋಡುತ್ತ ಅವನ ನಗು ನಿಂತಿತು.