ಬಹ್ಲಾಕ್ಕೆ ಹೊರಡದ ಕಾರು

ಶನಿವಾರ ಬೆಳಿಗ್ಗೆ ಕಾರಿನ ಕೀ ಕಾಣೆಯಾಯಿತು.

ಕೀ ತಾನೇ ಎಂದು ಮೂಗು ಮುರಿಯಬೇಡಿ. ಗಲ್ಫಿನ ನಿಜ್ವಾ ಪೇಟೆಯ ಆಚೆ, ರಸ್ತೆಯೂ ಕಾಣದ ಬಯಲು. ಎರಡು ಡೇರೆ, ಇದ್ದದ್ದೊಂದೇ ಕಾರು. ಬದಲಿ ಕೀ ದೂರದ ಅಲ್ ಹೈಲ್‌ನ ಮನೆಯಲ್ಲಿ. ಬಿಸಿಲು ಆಗಲೇ ಚುರುಕಾಗಿತ್ತು.

ಕಾರು ನಮ್ಮ ನೆರೆಮನೆಯ ಫಾಹಿಮ್‌ನದು. ಜೊತೆಗೆ ಅವನ ಹೆಂಡತಿ ಶಬ್ನಂ, ಮಗಳು ಮುಫೀದಾ, ಉಳ್ಳಾಲದಿಂದ ವಿಸಿಟ್ ವೀಸಾದಲ್ಲಿ ಬಂದಿದ್ದ ತಾಯಿ ಆಯಿಶತ್. ಇನ್ನೊಂದು ಡೇರೆಯಲ್ಲಿ ನಾನು — ಹೆಸರು ಶೆರ್ಲಿನ್ — ಮತ್ತು ನನ್ನ ಗಂಡ ಆಸ್ವಾಲ್ಡ್. ಅವನು ಇನ್ಶೂರೆನ್ಸ್ ಕಂಪೆನಿಗೆ ಅಪಘಾತಗಳ ತನಿಖೆ ಮಾಡುವವನು. ಜಜ್ಜಿದ ಬಂಪರ್ ನೋಡಿಯೇ ಯಾರು ಸುಳ್ಳು ಹೇಳುತ್ತಿದ್ದಾರೆಂದು ಹೇಳಬಲ್ಲ. ತನ್ನ ಕನ್ನಡಕ ಎಲ್ಲಿದೆಯೆಂದು ಮಾತ್ರ ನನ್ನನ್ನೇ ಕೇಳಬೇಕು.

ಶುಕ್ರವಾರ ಆಡಿನ ಸಂತೆ, ಕೋಟೆ ನೋಡಿ ಬಂದಿದ್ದೆವು. ಇವತ್ತು ಬಹ್ಲಾ ಕೋಟೆ. ಆದರೆ ಕೋಟೆ ಬರೀ ನೆಪ. ಅಲ್ಲಿಗೆ ಸೊಹಾರ್‌ನ ಒಂದು ಕುಟುಂಬ ಮುಫೀದಾಳನ್ನು ನೋಡಲು ಬರುವುದಿತ್ತು. ಹುಡುಗ ಸಂಜೆಯ ವಿಮಾನಕ್ಕೆ ಕೆನಡಾಕ್ಕೆ ಹೊರಡುವವನು. ಒಪ್ಪಿಗೆಯಾದರೆ ಬೇಗನೆ ನಿಕಾಹ್. ಮಂಗಳೂರಿನಲ್ಲಿ ಅವಳಿಗೆ ಸಿಕ್ಕಿದ್ದ ಫಿಸಿಯೋಥೆರಪಿ ಸೀಟು ಅಲ್ಲಿಗೆ ಖಲಾಸ್. ಅಪ್ಪನ ಫೋನ್ ಮಾತು ಕೇಳಿಸಿಕೊಂಡ ಹುಡುಗಿ ನಿನ್ನೆ ಸಂಜೆ ಡೇರೆಯ ಹಿಂದೆ ನನ್ನ ಮುಂದೆ ಅತ್ತಿದ್ದಳು. ನನಗೂ ಸಂಕಟವಾಗಿತ್ತು.

"ನೀನೇ ಅಲ್ವಾ ಅಡಗಿಸಿದ್ದು?" ಶಬ್ನಂ ಮಗಳ ತೋಳು ಹಿಡಿದು ಅಲುಗಿಸಿದಳು.

"ಐ ಡಿಡಿಂಟ್, ಮಮ್ಮಾ! ಐ ಸ್ವೇರ್!"

"ಮೊದಲು ಕೈ ಬಿಡಿ," ಎಂದ ಆಸ್ವಾಲ್ಡ್. "ಫಾಹಿಮ್, ಕೀ ಕೊನೆಗೆ ನೋಡಿದ್ದು ಯಾವಾಗ?"

"ಬೆಳಿಗ್ಗೆ ನಮಾಝಿಗೆ ಎದ್ದಾಗ ಪರ್ಸಿನ ಹತ್ರ ಇತ್ತು ಮಾರಾಯ."

"ಆಮೇಲೆ ನಿಮ್ಮ ಡೇರೆಗೆ ಬಂದದ್ದು ಯಾರು?"

"ನಾವು ಮನೆಯವರೇ. ಮತ್ತೆ ಶೆರ್ಲಿನ್ — ಚಹಾ ಕೊಡ್ಲಿಕ್ಕೆ."

ಎಲ್ಲರ ಕಣ್ಣೂ ನನ್ನ ಮೇಲೆ.

ಕಾರಿನ ನೆರಳಲ್ಲಿ ಚಾಪೆ ಹಾಸಿ ಕೂತಿದ್ದ ಆಯಿಶತ್ ಅಜ್ಜಿ ಎಲೆ-ಅಡಿಕೆಯ ಸ್ಟೀಲ್ ಡಬ್ಬಿಯನ್ನು ಆಸ್ವಾಲ್ಡ್‌ನತ್ತ ಚಾಚಿದರು. "ಕೂತುಕೊಳ್ಳಿ ಮಗಾ. ಕೀ ಎಲ್ಲಿಗೆ ಹೋಗ್ತದೆ? ಸಿಗ್ತದೆ."

ಅವನು ಡಬ್ಬಿ ಹಿಡಿದುಕೊಂಡೇ ನಿಂತ. ಇಂಥ ಹೊತ್ತಲ್ಲಿ ಈ ಮನುಷ್ಯನಿಗೆ ಎಲೆ-ಅಡಿಕೆ! ಸಿಟ್ಟಿನಿಂದ ನೀರಿನ ಬಾಟಲಿ ಬಾಯಿಗಿಟ್ಟೆ — ನೀರು ಬಿಸಿ. ನೀರು ಇಡುತ್ತಿದ್ದ, ಫಾಹಿಮ್‌ನವರ ಕೆಂಪು ಪೆಟ್ಟಿಗೆಯ ಐಸ್ ನಿನ್ನೆಯೇ ಕರಗಿತ್ತು.

"ಎಲ್ಲ ಕಡೆ ಹುಡುಕಿದ್ರಾ?" ಆಸ್ವಾಲ್ಡ್ ಫಾಹಿಮ್‌ನನ್ನು ಕೇಳಿದ.

"ಡೇರೆ, ಬ್ಯಾಗು, ಮರಳು — ಎಲ್ಲ."

"ಆ ನೀಲಿ ಐಸ್ ಪೆಟ್ಟಿಗೆ?"

ನೀಲಿ ಪೆಟ್ಟಿಗೆ ನಮ್ಮದು. ಅದರಲ್ಲಿ ಹಂದಿಮಾಂಸದ ಪದಾರ್ಥ. ಫಾಹಿಮ್, ಶಬ್ನಂ, ಮುಫೀದಾ ಅದರ ಹತ್ತಿರ ಸುಳಿಯುವುದಿಲ್ಲ. ನಾವು ನಮ್ಮದೇ ಸ್ಟೌನಲ್ಲಿ ಬಿಸಿ ಮಾಡಿಕೊಳ್ಳುತ್ತೇವೆ. ಅದಕ್ಕಾಗಿ ನಮ್ಮೊಳಗೆ ಯಾವತ್ತೂ ಮನಸ್ತಾಪವಿಲ್ಲ. "ಉಮ್ಮನಿಗೆ ಮಾತ್ರ ಹೇಳುವುದು ಬೇಡ, ಸುಮ್ಮನೆ ಬೇಜಾರು" ಎಂದಿದ್ದ ಫಾಹಿಮ್. ಯಾರೂ ಅಜ್ಜಿಗೆ ಹೇಳಿರಲಿಲ್ಲ.

ಆಸ್ವಾಲ್ಡ್ ಮುಚ್ಚಳ ತೆಗೆದ. ಐಸಿನ ಪಕ್ಕ ಪ್ಲಾಸ್ಟಿಕ್ ಚೀಲದಲ್ಲಿ ಕೀ. ಮೇಲೊಂದು ಬಿಳಿ ಕಲೆ. ಐಸಿನ ಹುಡಿ ಇರಬೇಕು ಅಂದುಕೊಂಡೆ.

"ಶೆರ್ಲಿನ್, ನೀನಾ?" ಶಬ್ನಂ ನನ್ನತ್ತ ತಿರುಗಿದಳು. "ನಿನ್ನೆ ಅವಳು ನಿನ್ನ ಹತ್ರ ಅತ್ತದ್ದು ನೋಡಿದ್ದೇನೆ. ನಮ್ಮ ಮನೆ ವಿಷಯ ನಿನಗೆ ಎಂತಕ್ಕೆ?"

ಇಷ್ಟು ವರ್ಷ ಒಂದೇ ಗೋಡೆಯ ಆಚೆ-ಈಚೆ ಬದುಕಿದವರು ನಾವು. ಆಸ್ವಾಲ್ಡ್‌ನತ್ತ ನೋಡಿದೆ, ಅವನು ಬಂಪರ್ ನೋಡುವ ಹಾಗೆ ನನ್ನನ್ನೇ ನೋಡುತ್ತಿದ್ದ. ಅದು ಎಲ್ಲಕ್ಕಿಂತ ಹೆಚ್ಚು ನೋಯಿಸಿತು.

"ನಾನಲ್ಲ," ಎಂದೆ.

"ಗೊತ್ತು," ಎಂದ.

ಅವನು ನಮ್ಮನ್ನು ಕಾರಿನ ಹಿಂದೆ ಕರೆದು ತಗ್ಗಿದ ದನಿಯಲ್ಲಿ ಹೇಳಿದ: "ಈ ಸೆಖೆಯಲ್ಲಿ ಆ ಎಲೆ ಡಬ್ಬಿ ಕೊರೆಯುವಷ್ಟು ತಣ್ಣಗಿತ್ತು. ಕೆಂಪು ಪೆಟ್ಟಿಗೆಯಲ್ಲಿ ಐಸೇ ಇಲ್ಲ. ಅಂದ್ರೆ ಎಲೆ ಬಾಡದ ಹಾಗೆ ಡಬ್ಬಿ ಇಟ್ಟದ್ದು ನೀಲಿ ಪೆಟ್ಟಿಗೆಯಲ್ಲಿ. ಒಳಗೆ ಎಂತ ಉಂಟು ಅಂತ ಗೊತ್ತಿರುವ ನಿಮ್ಮಲ್ಲಿ ಯಾರೂ ಅದನ್ನು ಮುಟ್ಟುವುದಿಲ್ಲ. ಗೊತ್ತಿಲ್ಲದವರು ಒಬ್ಬರೇ. ಈ ಬಿಳಿ ಕಲೆ ಐಸ್ ಅಲ್ಲ, ಸುಣ್ಣ. ಎಲೆಗೆ ಹಚ್ಚಿದ ಬೆರಳಿನದ್ದು."

ಫಾಹಿಮ್‌ನ ಮುಖ ಕಪ್ಪಿಟ್ಟಿತು. "ಉಮ್ಮ?"

"ನಾನೇ." ಆಯಿಶತ್ ಅಜ್ಜಿ ಕಾರಿಗೆ ಕೈಯೂರಿ ಬಂದು ನಿಂತಿದ್ದರು. "ಮಗುವಿಗೆ ಬೈದದ್ದು ಕೇಳಿಯೂ ಸುಮ್ಮನೆ ಕೂತೆ. ಅದು ನನ್ನ ತಪ್ಪು."

"ಯಾಕೆ ಉಮ್ಮಾ? ಹುಡುಗನ ವಿಷಯ ನಿಮಗೆ ಯಾರು ಹೇಳಿದ್ದು?"

"ಕೋಟೆ ನೋಡ್ಲಿಕ್ಕೆ ಯಾರಾದ್ರೂ ಇಸ್ತ್ರಿ ಹಾಕಿದ ಹೊಸ ಉಡುಪು ಡೇರೆಗೆ ತರ್ತಾರಾ?" ಅಜ್ಜಿಯ ಕಣ್ಣು ತುಂಬಿತ್ತು. "ಹೈಸ್ಕೂಲಿಗೆ ಸೇರಿದ ವರ್ಷ ನನ್ನ ಅಪ್ಪ ಸಮುದ್ರ ತೋರಿಸ್ತೇನೆ ಅಂತ ವಿಟ್ಲದಿಂದ ಬಸ್ಸು ಹತ್ತಿಸಿದ್ರು. ಉಳ್ಳಾಲದಲ್ಲಿ ಇಳಿದಾಗ ಹುಡುಗನ ಮನೆ. ನಿನ್ನ ಅಪ್ಪ ಒಳ್ಳೆಯವರೇ, ಫಾಹಿಮ್. ಆದ್ರೆ ನನ್ನನ್ನು ಯಾರೂ ಕೇಳ್ಲಿಲ್ಲ. ಇವತ್ತಿನವರೆಗೂ ಕೇಳ್ಲಿಲ್ಲ."

ಶಬ್ನಂ ಮುಖ ಮುಚ್ಚಿಕೊಂಡು ಡೇರೆಯೊಳಗೆ ಹೋದಳು. ಹಿಂದೆ ಹೋಗಲು ನನಗೆ ಧೈರ್ಯ ಬರಲಿಲ್ಲ.

ಫಾಹಿಮ್‌ನ ಫೋನ್ ರಿಂಗಾಯಿತು. ಸೊಹಾರ್‌ನವರು. ಅವನು ಅದನ್ನು ಎತ್ತದೆ ಮಗಳತ್ತ ತಿರುಗಿದ.

"ಮುಫೀ, ನಿನಗೆ ಹೋಗ್ಬೇಕಾ?"

ಅವಳು ಅಪ್ಪನ ಮುಖವನ್ನೇ ನೋಡುತ್ತ ಕೇಳಿದಳು: "ಬೇಡ ಅಂದ್ರೆ ಕೇಳ್ತೀರಾ ಪಪ್ಪಾ?"

ಫೋನ್ ಇನ್ನೂ ಹೊಡೆದುಕೊಳ್ಳುತ್ತಿತ್ತು. ಫಾಹಿಮ್ ಎತ್ತಿ ಕಿವಿಗಿಟ್ಟ.

"ನಾವು ಬರುವುದಿಲ್ಲ... ಇಲ್ಲ, ಕಾರು ಸರಿ ಉಂಟು. ಮಗಳನ್ನು ಕೇಳದೆ ನಿಮ್ಮನ್ನು ಕರೆದದ್ದು ನಾನು."