ಬಾಯ್ ಬಂದು ತಗೊಂಡು ಹೋದ್ರು

“ಟೀಚರ್, ನಮ್ಮ ಲಕೋಟೆ ಯಾರೋ ಕೊಂಡು ಹೋಗಿ ಆಗಿದೆ!”

ಅಪೊಲೋನಿಯಾ ಬಾಗಿಲಲ್ಲೇ ಕುಸಿದು ಕೂತಳು. ಹಿಂದೆ ಗಂಡ ಕ್ಲೆಮೆಂಟ್ ನಿಂತಿದ್ದ. ಇಬ್ಬರ ಕೆಲಸವೂ ಒಟ್ಟಿಗೇ ಹೋಗಿತ್ತು. ಗುರುವಾರದೊಳಗೆ ಬಾಡಿಗೆ ಕಟ್ಟದಿದ್ದರೆ ಕೊಲ್ಲಿ ನಾಡಿನ ಈ ಹವಲ್ಲಿಯ ಒಂದು ಕೋಣೆಯ ಮನೆಯೂ ಹೋಗುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಫ್ರೀಡಾ ಟೀಚರಿಗೆ ಸಿಟ್ಟಿಗಿಂತ ಮೊದಲು ಕುತೂಹಲ ಬಂತು. ಅವರ ಜಾಯಮಾನವೇ ಹಾಗೆ.

ಕೆಲಸ ಕಳೆದುಕೊಂಡ ಊರವರಿಗಾಗಿ ‘ಆಸರೆ ಕೂಟ’ ನಡೆಸುತ್ತಿದ್ದವರು ಮೂವರು: ಫ್ರೀಡಾ, ನರ್ಸ್ ಕಾರ್ಮೆಲ್, ಕಾರ್ಮೆಲಳ ಗಂಡ ಸ್ಟ್ಯಾನಿ. ಗಂಡ ಹೆಂಡತಿ ಜೊತೆಯಾಗಿಯೇ ಬಂದು ಕೇಳಬೇಕು, ಅದು ನಿಯಮ. ಇಬ್ಬರ ಕೆಲಸವೂ ಹೋಗಿದ್ದರೆ ಪೂರ್ತಿ ಪಾಲು, ಒಬ್ಬರದಾದರೆ ಅರ್ಧ. ಆಮೇಲೆ ಕಾಸಿಂ ಕುಂಞಿಯ ಮೊಬೈಲ್ ಅಂಗಡಿಗೆ ಜೋಡಿಯಾಗಿ ಹೋಗಿ ಗುಟ್ಟಿನ ನಂಬರ್ ಹೇಳಿದರೆ ಹಣದ ಲಕೋಟೆ ಕೈಗೆ. ಅಂಗಡಿಯವನನ್ನು ಬಿಟ್ಟರೆ ನಂಬರ್ ಗೊತ್ತಿದ್ದದ್ದು ದಂಪತಿಗೆ, ಈ ಮೂವರಿಗೆ. ಕಾಸಿಂ ಕುಂಞಿಗೆ ಕೂಟದವರಲ್ಲಿ ಮುಖ ಪರಿಚಯ ಟೀಚರ್ ಒಬ್ಬರದೇ.

ಟೀಚರ್ ಅಂಗಡಿಗೆ ಫೋನ್ ಹಚ್ಚಿದರು.

“ನಿನ್ನೆ ಬಾಯ್ ಬಂದು ತಗೊಂಡು ಹೋದ್ರಲ್ಲ ಟೀಚರ್. ನಂಬರ್ ಸರಿ ಹೇಳಿದ್ರು.”

“ಜೋಡಿಯಾಗಿ ಬಂದಿದ್ರಾ?”

“ಜೊತೆಯವರು ಕಾರಲ್ಲಿ ಇದ್ದಾರೆ ಅಂದ್ರು. ಪಾರ್ಕಿಂಗ್ ಸಿಗ್ಲಿಲ್ಲಂತೆ. ಹವಲ್ಲಿ ಅಲ್ವಾ, ನಾನೂ ನಂಬಿದೆ.”

ಟೀಚರ್ ಫೋನ್ ಇಟ್ಟರು. ಬಾಯ್! ಕೊಂಕಣಿ ಕ್ರೈಸ್ತರು ಹೆಂಗಸರನ್ನು ಗೌರವದಿಂದ ಕರೆಯುವ ಮಾತು. ಕೂಟದಲ್ಲಿ ಎಲ್ಲರಿಗೂ ‘ಬಾಯ್’ ಆದವಳು ಒಬ್ಬಳೇ, ಕಾರ್ಮೆಲ್ ಬಾಯ್.

*

ಮೈದಾನ್ ಹವಲ್ಲಿಯ ಫ್ಲ್ಯಾಟಿನಲ್ಲಿ ಕಾರ್ಮೆಲ್ ಆಗಷ್ಟೇ ಡ್ಯೂಟಿ ಮುಗಿಸಿ ಬಂದಿದ್ದಳು.

“ನಾನಾ? ನಿನ್ನೆ ಇಡೀ ದಿನ ಆಪರೇಷನ್ ಥಿಯೇಟರಲ್ಲಿದ್ದೆ. ಬೇಕಾದ್ರೆ ಡಾಕ್ಟರನ್ನೇ ಕೇಳಿ.” ಅವಳ ಕಣ್ಣು ತುಂಬಿತು. “ನೀವೂ ಹೀಗೆ ಕೇಳ್ತೀರಾ ಟೀಚರ್?”

ಟೀಚರಿಗೆ ನಾಚಿಕೆಯಾಯಿತು. ಮೂಲೆಯಲ್ಲಿ ಸ್ಟ್ಯಾನಿ ಚಹಾ ಕುಡಿಯುತ್ತಿದ್ದ. ನಡು ಮಧ್ಯಾಹ್ನ, ಕೊರಳಲ್ಲಿ ಟೈ. “ಅರ್ಧ ದಿನ ರಜೆ,” ಎಂದ, ತಲೆ ಎತ್ತದೆ.

*

ಟೀಚರ್ ನೇರ ಅಂಗಡಿಗೆ ಬಂದರು. ಕೌಂಟರಿನ ಮುಂದೆ ಒಬ್ಬ ಪಠಾಣ್ ಡ್ರೈವರ್. ಎದೆಯವರೆಗೆ ಗಡ್ಡ.

“ಬಾಯ್, ದೋ ಮಿನಿಟ್!” ಎಂದ ಕಾಸಿಂ ಕುಂಞಿ ಅವನಿಗೆ.

ಟೀಚರ್ ಗಕ್ಕನೆ ನಿಂತರು. ಆಮೇಲೆ ತಮ್ಮ ಹಣೆ ತಾವೇ ಚಚ್ಚಿಕೊಂಡರು.

“ಕಾಸಿಂ ಕುಂಞಿ, ನಿನ್ನೆ ಬಂದ ಬಾಯ್‌ಗೆ ಗಡ್ಡ ಇತ್ತಾ?”

“ಗಡ್ಡ ಇಲ್ಲ ಟೀಚರ್. ಮೀಸೆ ಉಂಟು.”

*

ಸಂಜೆ ಲೆಕ್ಕ ನೋಡುವ ನೆಪದಲ್ಲಿ ಟೀಚರ್ ಎಲ್ಲರನ್ನೂ ಅಂಗಡಿಗೆ ಕರೆಸಿದರು. ಅಪೊಲೋನಿಯಾ, ಕ್ಲೆಮೆಂಟ್, ಕಾರ್ಮೆಲ್ ಒಳಗೆ ಬಂದರು. ಕೊನೆಗೆ ಸ್ಟ್ಯಾನಿ ಕಾಲಿಟ್ಟ.

ಕಾಸಿಂ ಕುಂಞಿ ಮುಖವರಳಿಸಿದ. “ಓ ಬಾಯ್, ಇವತ್ತು ಪಾರ್ಕಿಂಗ್ ಸಿಕ್ಕಿತಾ?”

ಸ್ಟ್ಯಾನಿಯ ಮುಖ ಬಿಳಿಚಿತು.

“ತಪ್ಪು ನನ್ನ ಕಿವಿಯದ್ದು,” ಎಂದರು ಟೀಚರ್. “ಇವನು ಹೇಳಿದ ಬಾಯ್ ಹಿಂದಿಯದು, ಅಣ್ಣ ಅಂತ. ನಾನು ಕೇಳಿದ್ದು ಕೊಂಕಣಿಯದು. ಬಂದ್ರು, ಹೋದ್ರು ಅಂದ್ರೆ ಗಂಡೋ ಹೆಣ್ಣೋ ಯಾರಿಗೆ ಗೊತ್ತು? ಕ್ಲೆಮೆಂಟಿಗೆ ಕಾರೇ ಇಲ್ಲ, ಮಾರಿಯಾಗಿದೆ. ಹಾಗಾದ್ರೆ ನಂಬರ್ ಗೊತ್ತಿರುವ, ಕಾರಿರುವ, ಮೀಸೆಯ ಬಾಯ್ ಯಾರು? ಮಧ್ಯಾಹ್ನ ಟೈ ಕಟ್ಟಿ ಮನೆಯಲ್ಲಿ ಕೂತವರು. ಕೆಲಸ ಹೋಗಿ ಎಷ್ಟು ದಿನ ಆಯ್ತು ಸ್ಟ್ಯಾನಿ?”

“ಎರಡು ತಿಂಗಳು,” ಎಂದ ಸ್ಟ್ಯಾನಿ.

“ಹೆಂಡತಿಯ ಮೇಲೆ ಅಪವಾದ ಬಂದಾಗಲೂ ಬಾಯಿ ಬಿಡ್ಲಿಲ್ಲ! ಕೇಳಿದ್ರೆ ಅರ್ಧ ಪಾಲು ನಿಮಗೇ ಸಿಗ್ತಿತ್ತಲ್ಲ?”

“ಕೇಳ್ಬೇಕಾದ್ರೆ ಇವಳನ್ನು ಜೊತೆಗೆ ತರಬೇಕಿತ್ತು, ಟೀಚರ್.”

ಕಾರ್ಮೆಲ್ ಬ್ಯಾಗಿನಿಂದ ನೋಟುಗಳ ಕಟ್ಟು ತೆಗೆದಳು. “ನಿನ್ನೆ ಸಂಬಳ ಅಂತ ಕೊಟ್ಟದ್ದು ಇದಾ?”

ಅವನು ಹೌದೆಂದು ತಲೆಯಾಡಿಸಿದ. ಅವಳು ಅದನ್ನು ಅಪೊಲೋನಿಯಾಳ ಕೈಗಿಟ್ಟು ಬೆರಳು ಮಡಚಿದಳು. “ಮಾಫ್ ಮಾಡು ಮಗಾ. ಮೊದಲು ಬಾಡಿಗೆ ಕಟ್ಟು.”

ಆಮೇಲೆ ಟೀಚರ ಕಡೆ ತಿರುಗಿದಳು.

“ಇವರು ಇನ್ನು ಕೂಟದಲ್ಲಿ ಬೇಡ. ಆದ್ರೆ ನಮ್ಮ ಹೆಸರು ಬರ್ಕೊಳ್ಳಿ, ಅರ್ಧ ಪಾಲಿಗೆ. ನೋಡಿ, ಇಬ್ರೂ ಜೊತೆಗೇ ಬಂದಿದ್ದೇವೆ.”